ಎರಡು ಮನೆಯ ಪದ

ದೇವರನ್ನೇ ತಿರುಗಿಸಿದವನನ್ನು ತಿರುಗಿಸಿದರೂ ಸಿಗುವುದು ಚಿನ್ನ (3).

ಮುಂದೆ ಓದುವ ಮೊದಲು ಒಂದು ನಿಮಿಷ ತಗೊಳ್ಳಿ. ಉಡುಪಿ ನೆನಪಾಯಿತಾ? ಕಿಂಡಿ? ಉತ್ತರ: ಕನಕ. ಭಕ್ತನಿಗಾಗಿ ಕೃಷ್ಣ ತಿರುಗಿ ನಿಂತ ಕಥೆ ಎಲ್ಲರಿಗೂ ಗೊತ್ತು. ಕ-ನ-ಕ ಅನ್ನೋದನ್ನ ಹಿಂದಿನಿಂದ ಓದಿದರೂ ಕನಕವೇ. ಕನಕ ಅಂದರೆ ಚಿನ್ನ. ಕ್ರಿಪ್ಟಿಕ್ ಕ್ಲೂ ಅಂದರೆ ಇಷ್ಟೇ. ಒಂದು ಕಡೆ ಅರ್ಥ, ಇನ್ನೊಂದು ಕಡೆ ಅಕ್ಷರದಾಟ, ಎರಡನ್ನೂ ಮುಚ್ಚಿಟ್ಟುಕೊಂಡ ಒಂದು ಸಭ್ಯ ವಾಕ್ಯ.

ನನ್ನ ಶನಿವಾರದ ಚಟ ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದು. ಬಿಬಿಸಿಯ 'ದಿ ಲಿಸನರ್' ವಾರಪತ್ರಿಕೆ 1930ರಲ್ಲಿ ಶುರು ಮಾಡಿದ ಪದಬಂಧ. ಪತ್ರಿಕೆ 1991ರಲ್ಲಿ ನಿಂತುಹೋಯಿತು, ಪದಬಂಧ ಮಾತ್ರ ಲಂಡನ್ನಿನ 'ದಿ ಟೈಮ್ಸ್'ಗೆ ಹೋಗಿ ಬದುಕಿಕೊಂಡಿತು. ಇದರಲ್ಲಿ ಮನೆ ತುಂಬಿದರೆ ಕೆಲಸ ಮುಗಿಯುವುದಿಲ್ಲ. ಕೆಲವು ಕ್ಲೂಗಳಲ್ಲಿ ಒಂದೊಂದು ಅಕ್ಷರ ಬೇಕಂತಲೇ ಹೆಚ್ಚಿಗೆ ತುರುಕಿರುತ್ತಾರೆ. ಅವನ್ನು ಕಿತ್ತು ಜೋಡಿಸಿದರೆ ಒಂದು ಸಂದೇಶ. ಅದು ಹೇಳಿದ ಹಾಗೆ, ಕಷ್ಟಪಟ್ಟು ತುಂಬಿದ ಮನೆಗಳನ್ನೇ ಮತ್ತೆ ತಿದ್ದಬೇಕು. ತಿದ್ದಿದ ಮೇಲೂ ಅಡ್ಡ ಹಾಯುವ ಪದಗಳು ಪದಗಳಾಗೇ ಉಳಿದರೆ ಮೈ ಜುಂ ಅನ್ನುತ್ತೆ. ತಿಂಗಳಿಗೊಂದು ಪೂರ್ತಿ ಬಿಡಿಸಿದರೆ ನನಗೆ ಹಬ್ಬ.

ನಮ್ಮಪ್ಪ ಬ್ಯಾಡಗಿಯಲ್ಲಿ ದಲಾಲಿ ಅಂಗಡಿಯ ಗುಮಾಸ್ತರಾಗಿದ್ದರು. ಸೋಮವಾರ, ಗುರುವಾರ ಮೆಣಸಿನಕಾಯಿ ಮಾರ್ಕೆಟ್ಟು. ಕಡ್ಡಿ ಎಷ್ಟು ಚೀಲ, ಡಬ್ಬಿ ಎಷ್ಟು ಚೀಲ, ಯಾವ ಲಾಟಿಗೆ ಏನು ರೇಟು ಅಂತ ಬರೆಯುವುದು ಅವರ ಕೆಲಸ. (ಕಡ್ಡಿ ಅಂದರೆ ಉದ್ದ, ಸಪೂರ, ಸುಕ್ಕು ಸುಕ್ಕು. ಡಬ್ಬಿ ಅಂದರೆ ದುಂಡಗೆ, ಗಿಡ್ಡಕ್ಕೆ. ಬ್ಯಾಡಗಿ ಅಂದರೆ ಒಂದೇ ಮೆಣಸಿನಕಾಯಿ ಅಂದುಕೊಂಡವರು ನಮ್ಮೂರಿಗೊಮ್ಮೆ ಬಂದು ಸೀನಬೇಕು.) ಅಂಗಡಿ ಖಾಲಿ ಇರೋ ದಿನ ಪೇಪರಿನ ಪದಬಂಧ. ಕನ್ನಡದಲ್ಲಿ 30 ಸಾವಿರಕ್ಕೂ ಹೆಚ್ಚು ಪದಬಂಧ ರಚಿಸಿ ಲಿಮ್ಕಾ ದಾಖಲೆ ಸೇರಿದ ಅ.ನಾ. ಪ್ರಹ್ಲಾದರಾವ್ ಅವರ ಹೆಸರು ನನಗೆ ಮೊದಲು ಗೊತ್ತಾಗಿದ್ದೇ ಅಪ್ಪನಿಂದ.

ಅವ್ವ ಹೋದ ಮೇಲೆ ನಮ್ಮ ಫೋನು 40 ಸೆಕೆಂಡಿಗೆ ಇಳಿದಿತ್ತು. ಊಟ ಆತಾ, ಆತು. ಮಳಿ? ಇಲ್ಲ. ಬೆಂಗಳೂರಿಗೆ ಬಾ ಅಂದರೆ, "ಮನಿಗೆ ಕೀಲಿ ಹಾಕಿ ಹ್ಯಾಂಗ ಬರ್ಲಿ?" ನಮ್ಮಿಬ್ಬರ ನಡುವೆ ಮಾತು ಅನ್ನೋದನ್ನ ನಡೆಸುತ್ತಿದ್ದವಳು ಅವ್ವ ಅಂತ ಆಗ ಗೊತ್ತಾಯಿತು.

ಅಪ್ಪನಿಗೊಂದು ಥೀಮ್ ಪದಬಂಧ ಮಾಡೋಣ ಅಂತ ಕೂತೆ. ಇಂಗ್ಲಿಷಿಗಾದರೆ ಒಂದು ಮನೆಗೆ 26ರಲ್ಲಿ ಒಂದು. ಕನ್ನಡದಲ್ಲಿ ಕಾಗುಣಿತ, ಒತ್ತು ಎಲ್ಲ ಸೇರಿದರೆ ಒಂದು ಮನೆಯ ಬಾಗಿಲಿಗೆ ನೂರಾರು ಜನ. ಅಡ್ಡಕ್ಕೆ 'ಕಾ' ಬಂದರೆ ಕೆಳಕ್ಕೂ 'ಕಾ' ಬೇಕು, ಬರೀ 'ಕ' ನಡೆಯೋದಿಲ್ಲ. ಇಂಗ್ಲಿಷಿನವರ ಅಕ್ಷರ ಕಲಸುವ ಆಟ ಇಲ್ಲಿ ಅಷ್ಟು ಒಗ್ಗೋದಿಲ್ಲ. ಆದರೆ ತಿರುಗಿಸುವುದು, ತಲೆ ಕತ್ತರಿಸುವುದು, ಒಳಗೆ ಅಡಗಿಸುವುದು ಸೊಗಸಾಗಿ ಬರುತ್ತವೆ.

ಥೀಮ್ ಹುಡುಕಲು ದೂರ ಹೋಗಬೇಕಿರಲಿಲ್ಲ. ಕಾಗಿನೆಲೆ ಇರುವುದು ನಮ್ಮ ಬ್ಯಾಡಗಿ ತಾಲ್ಲೂಕಿನಲ್ಲೇ. ಕನಕದಾಸರ ಮುಂಡಿಗೆ ಅಂದರೆ ಇನ್ನೇನು? ಅವನ ಮಗ, ಇವಳ ಗಂಡ ಅಂತ ಪುರಾಣದ ನಂಟಸ್ತಿಕೆಯನ್ನೆಲ್ಲ ಸುತ್ತಿಸಿ, ಯಾರನ್ನು ಹೇಳುತ್ತಿದ್ದೇನೆ ಅನ್ನೋದನ್ನ ಕೇಳುವವರಿಗೇ ಬಿಟ್ಟುಬಿಡುವುದು. ಲಿಸನರ್ ಹುಟ್ಟುವುದಕ್ಕೆ ನಾನೂರು ವರ್ಷ ಮೊದಲೇ ಈ ಕೆಲಸ ನಮ್ಮ ಹೊಲದ ಬದುವಿನಾಚೆ ನಡೆದಿತ್ತು.

ಹೆಚ್ಚಿಗೆ ಸೇರಿಸಿದ ನಾಲ್ಕು ಅಕ್ಷರ ಜೋಡಿಸಿದರೆ 'ಕಾಗಿನೆಲೆ' ಬರಬೇಕು, ಥೇಟ್ ಅಂಕಿತದ ಹಾಗೆ. ಅದನ್ನು ನೋಡಿ, ತುಂಬಿದ ಮನೆಗಳಲ್ಲಿ ದೇವರನ್ನು ಹುಡುಕಿ ತಿರುಗಿಸಬೇಕು. ಎರಡು ವಾರ ತಡಕಾಡಿದೆ. ಕೃಷ್ಣನನ್ನು ತಿರುಗಿಸಲು ಹೋದರೆ 'ಷ್ಣ' ಮೊದಲ ಮನೆಗೆ ಬಂದು ಕೂರುತ್ತೆ, ಯಾವ ಪದವೂ ಹತ್ತಿರ ಸೇರೋದಿಲ್ಲ. ಆಮೇಲೆ ಒಂದು ರಾತ್ರಿ 'ಹರಿ' ಸಿಕ್ಕಿದ. ಮೇಲಿನ ಸಾಲಿನಲ್ಲಿ ದಾಮೋದರ, ಅವನ ಮೊದಲೆರಡು ಅಕ್ಷರದ ಕೆಳಗೆ ಹ, ರಿ. ಕೆಳಮುಖವಾಗಿ ಓದಿದರೆ ದಾಹ, ಮೋರಿ. ಈಗ ಹರಿಯನ್ನು ತಿರುಗಿಸಿ: ದಾಹ ದಾರಿಯಾಗುತ್ತೆ, ಮೋರಿ ಮೋಹವಾಗುತ್ತೆ! ರಾತ್ರಿ ಒಂದೂವರೆಗೆ ಒಬ್ಬಳೇ ಚಪ್ಪಾಳೆ ಹೊಡೆದೆ.

ವಾಟ್ಸ್ಯಾಪಿನಲ್ಲಿ ಕಳಿಸಿದ್ದನ್ನು ಅಪ್ಪ ಹಳೇ ಖಾತೆ ಪುಸ್ತಕದ ಹಾಳೆಗೆ ಗೆರೆ ಎಳೆದು ಇಳಿಸಿಕೊಂಡರು. ಮೂರನೇ ದಿನ ತಾವಾಗೇ ಫೋನು. ಜಗಳಕ್ಕೆ. "ಊರಿಗೆ ಹೋಗುವಾಗ ಕಾಮನೆಗೆ ಹಾಕುವುದು" ಅಂತ ಒಂದು ಕ್ಲೂ ಇತ್ತು, ಎರಡು ಮನೆಯದು. ಹೆಚ್ಚಿನ 'ಕಾ' ತೆಗೆದರೆ ಮನೆಗೆ ಹಾಕುವುದು.

"ಕೀಲಿ ಹೊಂದವಲ್ದು ನೋಡವಾ."

"ಬೀಗ, ಅಪ್ಪ."

"ಬೀಗ ಅಂದ್ರ ಮದವಿಗೆ ಬರಾವ್ರು! ಮನಿಗೆ ಹಾಕೂದು ಕೀಲಿ. ನೀ ಬೆಂಗಳೂರಾಕಿ ಆಗೀ."

ಅಡ್ಡ ಪದ 'ಗರಗಸ' ಅಂತ ತೋರಿಸಿದ ಮೇಲೆ ಒಪ್ಪಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಬೇಕಂತ ಹಾಕೀ ಹೌದಲ್ಲೊ?" ಅಂದರು. ಹೌದು ಅಂದೆ.

ಎಂಟನೇ ದಿನ: "ತಿರುಗಿದಾ ನೋಡು."

"ಯಾರು?"

"ಹರಿ. ದಾಹ ಹೋಗಿ ದಾರಿ ಆತು, ಛಲೋ ಆತು. ಆದ್ರ ಮೋರಿ ಹೋಗಿ ಮೋಹ ಬಂತಲ್ಲ? ಕನಕಪ್ಪ ಒಪ್ಪತಿದ್ದಿಲ್ಲ ಬಿಡು."

ಅವತ್ತು 22 ನಿಮಿಷ ಮಾತಾಡಿದೆವು. ಅವ್ವನ ಸುದ್ದಿಯೂ ಬಂತು, ಅವಳ ಕೈಯಿಂದ ಪದಬಂಧದ ಪೇಪರು ಉಳಿಸಿಕೊಳ್ಳೋದೇ ಕಷ್ಟ ಇತ್ತಂತೆ, ರೊಟ್ಟಿ ಕಟ್ಟಲು ಒಯ್ಯುತ್ತಿದ್ದಳಂತೆ. ಬೆಂಗಳೂರಿಗೆ ಬರುವ ಮಾತು ಇಬ್ಬರೂ ಎತ್ತಲಿಲ್ಲ.

ಈಗ ಸೋಮವಾರ, ಗುರುವಾರ ಸಂಜೆ ಅವರ ಕಡೆಯಿಂದ ಒಂದು ಕ್ಲೂ ಬರುತ್ತೆ, ಮಾರ್ಕೆಟ್ಟಿನ ದಿನ ತಪ್ಪಿಸುವುದಿಲ್ಲ. ಮೊನ್ನೆಯದು: "ಅಡಗಿ ಮನ್ಯಾಗ ಇದಕ್ಕ ಮುಚ್ಚಳ ಇರತೈತಿ, ನಮ್ಮ ಮಾರ್ಕೆಟ್ಟಿನ್ಯಾಗ ಇರೂದಿಲ್ಲ (2)". ಮೀಟಿಂಗಿನ ಮಧ್ಯೆಯೇ ಉತ್ತರ ಕಳಿಸಿದೆ.

"ಸರಿ ಐತಿ," ಅಂತ ಬಂತು. "ಕಡ್ಡಿಗೆ ನೀ ಒಂದು ಮಾಡು."

ಇನ್ನೂ ಹೊಂದಿಸುತ್ತಿದ್ದೇನೆ.