ಆಡು ಮುಟ್ಟದ ಸೊಪ್ಪು

ಬೆಂಗಳೂರು–ಪುಣೆ ಹೆದ್ದಾರಿ ಹಿರಿಯೂರು ಬಳಿಯ ಆದಿವಾಲ ದಾಟುವಲ್ಲಿ ಡಿವೈಡರಿನ ಕಣಗಿಲೆಗೆ ಏಪ್ರಿಲ್ ಬಿಸಿಲಲ್ಲೂ ಮೈತುಂಬ ಹೂ. ಎರಡೂ ಮಗ್ಗುಲಲ್ಲಿ ಕಾದ ಡಾಂಬರು, ಲಾರಿ ಹೊಗೆ. ರಸ್ತೆ ಪಕ್ಕದ ಹೊಸ ಮನೆಯ ಮುಂದೆ ದಿನಾ ಬೋರ್‌ವೆಲ್ ನೀರು ಹಾಯಿಸಿದರೂ ಹುಲ್ಲುಹಾಸು ಕಂದಿದೆ. ಇದೇನು ನ್ಯಾಯ?

*

ಕಣಗಿಲೆ ಎಲೆ ದಪ್ಪ, ಮೇಣ ಸವರಿದಂತಿದೆ. ಅದು ಉಸಿರಾಡುವ ರಂಧ್ರಗಳು ಎಲೆಯ ಅಡಿಯ ಸಣ್ಣ ಕುಳಿಗಳೊಳಗೆ; ಅವಕ್ಕೂ ರೋಮದ ಮುಚ್ಚಿಗೆ. ತೇವ ಹೊರಬೀಳುವುದು ಕಷ್ಟ. ಡಿವೈಡರಿಗೆ ಬೇಕಾದದ್ದು ಎದುರು ಗಾಡಿಯ ಹೆಡ್‌ಲೈಟ್ ಮರೆಮಾಡುವ, ದನ ತಿನ್ನದ ಪೊದೆ. ಬೇರಿನಿಂದ ಹೂವಿನವರೆಗೂ ವಿಷವಿರುವ ಇದನ್ನು ದನ ತಿಂದೀತೆ? ಶಿವನ ಪೂಜೆಗೆ ಮಾತ್ರ ಇದೇ ಹೂ ಶ್ರೇಷ್ಠ. ವಿಷಕಂಠನಿಗೇನು ಬಿಡಿ. ಮಕ್ಕಳಿರುವ ಮನೆಯಂಗಳಕ್ಕೆ ಬೇಡ.

*

ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ಆದರೆ ಆಡು ಮೂಸಿ ಬಿಟ್ಟುಹೋಗುವ ಗಿಡಗಳನ್ನೇ ಸೇರಿಸಿದರೆ ಒಂದು ಕೈತೋಟವಾಗುತ್ತದೆ: ಆಡುಸೋಗೆ, ಕತ್ತಾಳೆ, ನಿತ್ಯಪುಷ್ಪ, ಬಂದರಿಕೆ. ಚಿತ್ರದುರ್ಗದ ಕಲ್ಲುಗುಡ್ಡಗಳಲ್ಲಿ ಯಾರೂ ನೆಡದೆ ಬೆಳೆಯುವ ಬಂದರಿಕೆಯನ್ನು ಅಮೆರಿಕದ ಅರಿಜೋನಾದಂಥ ಒಣನಾಡಿನಲ್ಲಿ ಬೇಲಿಗೆಂದು ನರ್ಸರಿಯಿಂದ ದುಡ್ಡು ಕೊಟ್ಟು ತರುತ್ತಾರೆ. ನಮ್ಮಲ್ಲಿ ಅದನ್ನು ಕಿತ್ತು ಹುಲ್ಲುಹಾಸು ಹಾಸುವುದು! ಹಳದಿ ಹೂವಿನ ತಂಗಡಿಗೂ ಅದೇ ಗತಿ.

*

ಗಟ್ಟಿ ಗಿಡವೆಂದು ಏನನ್ನಾದರೂ ತಂದು ನೆಡುವುದೂ ತರವಲ್ಲ. ಬರ ತಡೆಯುತ್ತದೆಂದು ತಂದ ಬಳ್ಳಾರಿ ಜಾಲಿ ಕೆರೆಯಂಗಳ, ಗೋಮಾಳಗಳನ್ನೆಲ್ಲ ನುಂಗಿತು. ಇಂಥದೇ ಗುಣ ಹೇಳಿ ಮಾರುವ ಕೊನೊಕಾರ್ಪಸ್ ನೆಡುವುದನ್ನು ಗುಜರಾತ್ ಸರ್ಕಾರ 2023ರಲ್ಲಿ ನಿಷೇಧಿಸಿತು.

*

ನನಗೆ ಅರ್ಥವಾಗದ್ದು ಇನ್ನೊಂದು. ಹೊಸದಾಗಿ ಹೂದೋಟ ಮಾಡುವವರೆಲ್ಲ ಮಣ್ಣು ಗುಡ್ಡೆಹಾಕಿ, ಸುತ್ತ ಇಟ್ಟಿಗೆ ನಿಲ್ಲಿಸಿ ಏರುಮಡಿ ಮಾಡುತ್ತಾರೆ. ಹಿರಿಯೂರು ಸೀಮೆಯ ಎರೆಭೂಮಿಯಲ್ಲಿ ಅದು ಸರಿ. ಮಳೆ ಬಂದರೆ ನೀರು ನಿಂತು ಬೇರು ಕೊಳೆಯುತ್ತದೆ. ಕೆಂಪು ಮಸಬಿನಲ್ಲಿ ಯಾಕೆ? ಅಲ್ಲಿ ನೀರು ನಿಲ್ಲುವುದೇ ಇಲ್ಲ. ನೆಲಕ್ಕಿಂತ ಗೇಣು ತಗ್ಗಿನಲ್ಲಿ ಮಡಿ ಮಾಡಿ, ಶೇಂಗಾ ಹೊಟ್ಟು ಹೊದಿಸಿದರೆ ಸುರಿದ ಮಳೆ ಅಲ್ಲೇ ಇಂಗುತ್ತದೆ. ಅಡಿಕೆ, ತೆಂಗಿಗೆ ಪಾತಿ ಮಾಡುವ ಕೈಯೇ ಗುಲಾಬಿಗೆ ದಿಬ್ಬ ಕಟ್ಟುವುದು ವಿಚಿತ್ರ.

*

ಹಿರಿಯೂರು ಸೀಮೆಯಲ್ಲಿ ವರ್ಷದ ಮಳೆ 600 ಮಿ.ಮೀ. ಆಸುಪಾಸು. ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ. ಇಲ್ಲಿನ ವಾಣಿವಿಲಾಸ ಸಾಗರ ಜಲಾಶಯವೂ 89 ವರ್ಷಗಳ ಮೇಲೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲೇ. ಸಸಿ ನೆಡುವ ಸಂಭ್ರಮ ಮಾತ್ರ ಜೂನ್ 5ಕ್ಕೆ, ಇಲ್ಲವೇ ಜುಲೈ ಮೊದಲ ವಾರದ ವನಮಹೋತ್ಸವಕ್ಕೆ. ಫೋಟೊ ತೆಗೆಸಿಕೊಂಡ ಸಸಿ ಆಷಾಢದ ಒಣಗಾಳಿಗೆ ಸಿಕ್ಕಿ ಆಗಸ್ಟಿಗೆ ಕಡ್ಡಿಯಾಗಿರುತ್ತದೆ. ಮಲೆನಾಡಿಗೆ ಹೊಂದುವ ದಿನಾಂಕವನ್ನು ಬಯಲುಸೀಮೆಗೆ ಯಾಕೆ ಅಂಟಿಸಬೇಕು?

ಪರಿಸರ ದಿನಕ್ಕೆ ಗುಂಡಿ ತೋಡಿ, ಗೊಬ್ಬರ ತುಂಬಿಡಿ. ಸಸಿಯನ್ನು ಉತ್ತರೆ ಮಳೆಗೆ ನೆಡಿ.