ಪಡಸಾಲೆಯ ಉಪ್ಪುನೀರು

ನಮ್ಮ ಮನೆಯಿಂದ ಕಡಲು ಒಂದು ಮೈಲಿಯೂ ಇಲ್ಲ. ಹಾಗಾಗಿ ಪಡಸಾಲೆಯಲ್ಲಿರುವ ಗಾಜಿನ ತೊಟ್ಟಿಯನ್ನು ನೋಡಿದ ಹೆಂಗಸರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ಭಟ್ಕಳದಲ್ಲಿ ಕಡಲ ನೀರಿಗೇನು ಬರ? ನಾಲ್ಕು ಕೊಡ ತಂದು ಸುರಿದರಾಯಿತಲ್ಲ!"

ಕಡಲು ಹತ್ತಿರವಿದೆ ನಿಜ. ಆದರೆ ದಡದ ನೀರು ವರ್ಷವಿಡೀ ಒಂದೇ ತೆರನಾಗಿರುವುದಿಲ್ಲ. ನನ್ನ ತವರು ಹೊನ್ನಾವರ. ಜೂನ್ ಹಿಡಿದರೆ ಶರಾವತಿ ಕೆಂಪಗೆ ತುಂಬಿ ಹರಿಯುತ್ತದೆ, ಅಳಿವೆಯ ಬಾಯಲ್ಲಿ ನೀರು ಸಪ್ಪೆಯಾಗುತ್ತದೆ. ಬೇಸಿಗೆಯಲ್ಲಿ ತಿಳಿಯಾಗಿ ಕಂಡರೂ ದಡದ ನೀರಿನಲ್ಲಿ ದೋಣಿಯ ಎಣ್ಣೆ, ಚರಂಡಿಯ ಕೊಳೆ, ಕಣ್ಣಿಗೆ ಕಾಣದ ಜೀವಿಗಳು ಎಲ್ಲ ಇರುತ್ತವೆ. ಬೃಹತ್ ಕಡಲು ಅದನ್ನೆಲ್ಲ ಸಹಿಸಿಕೊಳ್ಳುತ್ತದೆ. ಮೂರು ಅಡಿಯ ತೊಟ್ಟಿ ಸಹಿಸುವುದಿಲ್ಲ.

ಈ ತೊಟ್ಟಿ ನನ್ನ ಮೈದುನನದು. 2018ರಲ್ಲಿ ದುಬೈಯಿಂದ ಬಂದು ಒಂದು ವರ್ಷ ಊರಲ್ಲೇ ಇದ್ದಾಗ ಆಸೆಪಟ್ಟು ಕೂರಿಸಿದ. ಆಗ ಅತ್ತೆ ಅವನಿಗೆ ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಕೆಡವಿದ ಹೆಂಗಸಿನ ಹದೀಸನ್ನು ನೆನಪಿಸಿ, "ಕೂಡಿಹಾಕಿದ ಮೇಲೆ ನೋಡಿಕೊಳ್ಳಬೇಕು" ಎಂದಷ್ಟೇ ಹೇಳಿದ್ದರು. ಮರುವರ್ಷ ಅವನಿಗೆ ಕೆಲಸ ಸಿಕ್ಕಿತು. ಹೊರಡುವ ದಿನ, "ಭಾಭಿ, ಇದು ನಿಮ್ಮ ಹತ್ತಿರ ನನ್ನ ಅಮಾನತ್ತು" ಎಂದು ಹೇಳಿ ವಿಮಾನ ಹತ್ತಿದ. ಗಲ್ಫಿಗೆ ಹೋಗುವ ಗಂಡಸರು ನಮ್ಮ ಊರಿನ ಹೆಂಗಸರಿಗೆ ಏನೇನನ್ನೋ ಒಪ್ಪಿಸಿ ಹೋಗುತ್ತಾರೆ. ನನ್ನ ಪಾಲಿಗೆ ಎರಡು ಕ್ಲೌನ್ ಮೀನು, ಒಂದು ನೀಲಿ ಮೀನು, ಎರಡು ಸಿಗಡಿ ಬಂದವು!

ತೊಟ್ಟಿಗೆ ಬೇಕಾದ ನೀರನ್ನು ಮನೆಯಲ್ಲೇ ತಯಾರಿಸಬೇಕು. ಶುದ್ಧೀಕರಿಸಿದ ನೀರಿಗೆ ಅಕ್ವೇರಿಯಂ ಉಪ್ಪು, ಲೀಟರಿಗೆ ಸುಮಾರು 35 ಗ್ರಾಂ. ಕುಮಟಾದಲ್ಲಿರುವ ನನ್ನ ನಾದಿನಿ ಒಮ್ಮೆ ಸಾಣಿಕಟ್ಟೆಯ ಉಪ್ಪಿನ ಚೀಲವನ್ನೇ ಕಳಿಸಿ, "ಇದೂ ಕಡಲ ಉಪ್ಪೇ ತಾನೇ, ಅಷ್ಟು ದುಡ್ಡು ಕೊಟ್ಟು ತರಿಸುವುದೇಕೆ?" ಎಂದಳು. ಆ ಉಪ್ಪು ಉಪ್ಪಿನಕಾಯಿಗೆ ಬಲು ಸೊಗಸು. ಆದರೆ ಉಪ್ಪಿನಗದ್ದೆಯಲ್ಲಿ ನೀರು ಆರುವಾಗ ಸುಣ್ಣದ ಅಂಶ ಮೊದಲೇ ತಳಕ್ಕೆ ಕೂರುತ್ತದೆ, ಆಮೇಲೆ ಉಪ್ಪು ಹರಳುಗಟ್ಟುತ್ತದೆ, ಮೆಗ್ನೀಸಿಯಂ ಕೊನೆಗೆ ಉಳಿಯುವ ಕಹಿನೀರಿನಲ್ಲೇ ಉಳಿದುಹೋಗುತ್ತದೆ. ಆ ಉಪ್ಪನ್ನು ಮತ್ತೆ ನೀರಿಗೆ ಹಾಕಿದರೆ ಉಪ್ಪುನೀರಾದೀತೇ ಹೊರತು ಕಡಲ ನೀರಾಗದು. ಅಂಗಡಿಯ ಉಪ್ಪಿನಲ್ಲಿ ಇವೆಲ್ಲ ಅಳತೆಯಾಗಿ ಬೆರೆತಿರುತ್ತವೆ.

ಇನ್ನು ಅಳತೆಯ ಮಾತು. ಹೈಡ್ರೋಮೀಟರ್ ಎಂಬ ಗಾಜಿನ ಕಡ್ಡಿ 1.025ರ ಆಸುಪಾಸು ತೋರಿಸಬೇಕು. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ನಮ್ಮ ತೊಟ್ಟಿಯಿಂದ ದಿನಕ್ಕೆ ಸುಮಾರು ಎರಡು ಲೀಟರ್ ನೀರು ಆರಿಹೋಗುತ್ತದೆ. ಆರುವುದು ಬರೀ ನೀರು, ಉಪ್ಪಲ್ಲ. ಆದ್ದರಿಂದ ದಿನವೂ ತುಂಬಬೇಕಾದದ್ದು ಸಪ್ಪೆ ನೀರು. ಕೊಳೆಯಾದ ನೀರನ್ನು ತೆಗೆದು ಬದಲಿಸುವಾಗ ಮಾತ್ರ ಉಪ್ಪುನೀರು. ನಾನು ಹದಿನೈದು ದಿನಕ್ಕೊಮ್ಮೆ ಇಪ್ಪತ್ತು ಲೀಟರ್ ಬದಲಿಸುತ್ತೇನೆ. ಉಪ್ಪನ್ನು ಹಿಂದಿನ ರಾತ್ರಿಯೇ ಬಕೆಟಿನಲ್ಲಿ ಕರಗಿಸಿ, ಪಂಪ್ ಬಿಟ್ಟು ಕಲಕುತ್ತಿರಬೇಕು. ಬಕೆಟ್ ಪ್ಲಾಸ್ಟಿಕ್ಕಿನದೇ ಆಗಬೇಕು. ತಾಮ್ರದ ಹಂಡೆ, ಹಿತ್ತಾಳೆಯ ತಂಬಿಗೆ ಈ ಕೆಲಸಕ್ಕೆ ಸಲ್ಲ. ತಾಮ್ರದ ಅಂಶ ತುಸು ಸೇರಿದರೂ ಸಿಗಡಿ ಸಾಯುತ್ತದೆ.

ಉಪ್ಪಿನ ಹದ ತಪ್ಪಿದರೆ ಏನಾಗುತ್ತದೆಂದು ನೋಡಲು ನಮ್ಮ ಜಿಲ್ಲೆಯ ಎರಡು ನದಿಗಳೇ ಸಾಕು. ಕುಮಟಾದ ಅಘನಾಶಿನಿಗೆ ಅಣೆಕಟ್ಟಿಲ್ಲ. ಉಬ್ಬರ ಇಳಿತಕ್ಕೆ ತಕ್ಕಂತೆ ಉಪ್ಪುನೀರು ಬಂದುಹೋಗುತ್ತದೆ, ಅಳಿವೆಯ ತುಂಬ ಬಳಚು. ಹೆಂಗಸರು ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು ಇಳಿದು ಆರಿಸುತ್ತಾರೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಬಂತು, ಆಮೇಲೆ ಗೇರುಸೊಪ್ಪೆ. ವಿದ್ಯುತ್ತಿಗಾಗಿ ಬಿಡುವ ಸಿಹಿನೀರು ಬೇಸಿಗೆಯಲ್ಲೂ ಕೆಳಗೆ ಹರಿದು ಬರುತ್ತದೆ. ಹೊನ್ನಾವರದ ಅಳಿವೆಯಲ್ಲಿ ಬಳಚು ಕಡಿಮೆಯಾಗಿದ್ದಕ್ಕೆ ಇದೇ ಕಾರಣವೆಂದು ಅಧ್ಯಯನ ಮಾಡಿದವರು ಹೇಳುತ್ತಾರೆ.

ಹೊಸ ತೊಟ್ಟಿಗೆ ನೀರು ತುಂಬಿದ ದಿನವೇ ಮೀನು ಬಿಡುವಂತಿಲ್ಲ. ಹಾಲಿಗೆ ಹೆಪ್ಪು ಹಾಕಿ ಕಾಯುವಂತೆ ಇಲ್ಲೂ ಕಾಯಬೇಕು. ಮೀನಿನ ಹೊಲಸು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದು ವಿಷ. ಕಲ್ಲು, ಮರಳಿನಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೇಟ್ ಮಾಡುತ್ತದೆ. ನೈಟ್ರೇಟಿನ ಹಾನಿ ಕಡಿಮೆ, ನೀರು ಬದಲಿಸಿದಾಗ ಹೊರಹೋಗುತ್ತದೆ. ಇವು ಬೆಳೆದು ನಿಲ್ಲಲು ನಮ್ಮ ತೊಟ್ಟಿಗೆ ಆರು ವಾರ ಬೇಕಾಯಿತು. ಅಲ್ಲಿಯವರೆಗೆ ಖಾಲಿ ನೀರಿಗೆ ದೀಪ ಹಚ್ಚಿಟ್ಟು ಕೂತಿದ್ದ ಮೈದುನನನ್ನು ಕಂಡು ಮಕ್ಕಳು ನಗುತ್ತಿದ್ದರು.

ಸಲಕರಣೆಗಳಲ್ಲಿ ನನಗೆ ಇಷ್ಟವಾದದ್ದು ಸ್ಕಿಮ್ಮರ್. ಮಾಂಸ ಬೇಯುವಾಗ ಮೇಲೆ ಬರುವ ನೊರೆಯನ್ನು ನಾವು ಸೌಟಿನಿಂದ ತೆಗೆಯುವುದಿಲ್ಲವೇ? ಅದೇ ಕೆಲಸ. ಸಣ್ಣ ಗುಳ್ಳೆಗಳು ಕೊಳೆಯನ್ನು ಹೊತ್ತು ಮೇಲೆ ಬಂದು ಬಟ್ಟಲಿಗೆ ಬೀಳುತ್ತವೆ. ಆ ಬಟ್ಟಲಿನ ಕಂದು ನೀರಿನ ವಾಸನೆಯ ಬಗ್ಗೆ ಊಟದ ಹೊತ್ತಿಗೆ ಮಾತಾಡಬಾರದು! ಅದಕ್ಕಿಂತ ಮುಖ್ಯವಾದದ್ದು ವಯರು. ಉಪ್ಪುನೀರು ಎಲ್ಲಿ ಸಿಡಿದರೂ ಬಿಳಿ ಹರಳು ಕಟ್ಟುತ್ತದೆ, ಪ್ಲಗ್ಗಿನವರೆಗೂ ತೆವಳುತ್ತದೆ. ಪ್ರತಿ ವಯರೂ ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮತ್ತೆ ಮೇಲೇರಬೇಕು, ಆಗ ಹನಿ ನೆಲಕ್ಕೆ ಬೀಳುತ್ತದೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಮರೆಯಬಾರದು. ತೊಟ್ಟಿಗೆ ಕೈ ಹಾಕುವ ಮುನ್ನ ಸ್ವಿಚ್ ಬಂದ್.

ಕರೆಂಟಿನ ಕಷ್ಟ ಮಾತ್ರ ಬೇರೆಯೇ. 2021ರ ಮೇ ತಿಂಗಳು, ಲಾಕ್‌ಡೌನ್. ಅಂಗಡಿ ಮುಚ್ಚಿತ್ತು, ಕೊರಿಯರ್ ಬರುತ್ತಿರಲಿಲ್ಲ, ಉಪ್ಪು ಕಾಲು ಡಬ್ಬ ಉಳಿದಿತ್ತು. 15ರಂದು ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಿಂದ ಹಾದುಹೋಯಿತು. ನಮ್ಮ ಓಣಿಯಲ್ಲಿ ಎರಡು ರಾತ್ರಿ ಕರೆಂಟಿಲ್ಲ. ಇನ್ವರ್ಟರಿಗೆ ಅತ್ತೆಯ ಕೋಣೆಯ ಫ್ಯಾನ್ ಮತ್ತು ನೀರು ತಿರುಗಿಸುವ ಸಣ್ಣ ಪಂಪ್ ಎರಡನ್ನೇ ಇಟ್ಟೆ. ಅತ್ತೆಗೆ ಉಬ್ಬಸ. ಎರಡನೆಯ ರಾತ್ರಿ ಬ್ಯಾಟರಿ ಸದ್ದು ಮಾಡತೊಡಗಿದಾಗ ಪಂಪ್ ತೆಗೆದೆ. ಅತ್ತೆಯೇ ಎದ್ದು ಬಂದರು. "ತಂಬಿಗೆ ಕೊಡು" ಎಂದರು. ಪ್ಲಾಸ್ಟಿಕ್ ಜಗ್ಗಿನಲ್ಲಿ ನೀರು ಮೊಗೆದು ಒಂದು ಅಡಿ ಎತ್ತರದಿಂದ ಅದೇ ತೊಟ್ಟಿಗೆ ಸುರಿಯುವುದು, ಗಾಳಿ ಬೆರೆಯಲಿ ಎಂದು. ಒಂದು ಸುತ್ತು ನಾನು, ಒಂದು ಮಗಳು, ಕುರ್ಚಿಯಲ್ಲಿ ಕೂತು ಅತ್ತೆ ಸಹ. ಆಹಾರ ಹಾಕಲಿಲ್ಲ. ಒಂದೆರಡು ದಿನದ ಉಪವಾಸ ಮೀನಿಗೆ ಕೆಡುಕಲ್ಲ, ಕೊಳೆತ ಆಹಾರವೇ ಕೆಡುಕು. ಕರೆಂಟ್ ಬಂದ ಮೇಲೆ, ಮುಚ್ಚಿದ ಫಿಲ್ಟರಿನಲ್ಲಿ ನಿಂತು ಹಳಸಿದ್ದ ನೀರನ್ನು ಚೆಲ್ಲಿ, ತೊಳೆದು ನಂತರವೇ ಓಡಿಸಿದೆ. ನೀಲಿ ಮೀನು ಮತ್ತು ಒಂದು ಸಿಗಡಿ ಹೋದವು. ಕ್ಲೌನ್ ಜೋಡಿ ಉಳಿಯಿತು.

ಆ ಜೋಡಿಯ ಸಂಸಾರದ ಕತೆ ಹೇಳಿದರೆ ನಿಮಗೂ ನಗು ಬಂದೀತು. ಇವು ಹುಟ್ಟುವಾಗ ಎಲ್ಲವೂ ಗಂಡೇ. ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ, ಯಜಮಾನಿಕೆ ಅವಳದೇ. ಮೊಟ್ಟೆಗೆ ರೆಕ್ಕೆ ಬೀಸುತ್ತ ಕಾಯುವುದು ಬಹುಪಾಲು ಗಂಡು! ಅತ್ತೆ ಇದನ್ನು ಬಂದವರಿಗೆಲ್ಲ ಹೇಳುತ್ತಾರೆ.

ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಯಲ್ಲಿ ಹವಳವೂ ಬಣ್ಣದ ಮೀನುಗಳೂ ಇವೆ. ಅಲ್ಲಿಂದ ತರಿಸಿಕೊಡುತ್ತೇನೆ ಎಂದವರೂ ಇದ್ದರು. ಬೇಡವೆಂದೆ. ಬಂಡೆಗಟ್ಟುವ ಹವಳ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಕೀಳುವುದೂ ಮಾರುವುದೂ ಅಪರಾಧ. ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಹಾಗೆ ಹುಟ್ಟಿದ ಮೀನು ಗುಳಿಗೆಯ ಆಹಾರಕ್ಕೂ ಬೇಗ ಒಗ್ಗುತ್ತದೆ.

ಮೊನ್ನೆ ಮೈದುನ ಫೋನಿನಲ್ಲಿ, "ಭಾಭಿ, ನಿಮಗೆ ಕಷ್ಟವಾದರೆ ಯಾರಿಗಾದರೂ ಕೊಟ್ಟುಬಿಡಿ" ಎಂದ. ಕ್ಲೌನ್ ಮೀನು ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು ಎಂದು ಅವನೇ ಹೇಳಿದ್ದ. ಎರಡು ಡಬ್ಬ ಉಪ್ಪು ಕಳಿಸು ಎಂದೆ.