ಘಾಟಿಯ ದಾರಿಯಲ್ಲಿ ಒಂದು ಪುಟ್ಟ ಮನೆ

ಬೆಂಗಳೂರಿನಿಂದ ಯಲಹಂಕದ ಮಾರ್ಗವಾಗಿ ದೊಡ್ಡಬಳ್ಳಾಪುರಕ್ಕೆ ಹೋಗುವವರಿಗೆ ಪೇಟೆ ಸೇರುವುದಕ್ಕೆ ತುಸು ಮೊದಲು ಬಾಶೆಟ್ಟಿಹಳ್ಳಿ ಎದುರಾಗುತ್ತದೆ. ಇಂದು ಅಲ್ಲಿ ಕಣ್ಣಿಗೆ ಬೀಳುವುದು ಕಾರ್ಖಾನೆಗಳ ತಗಡಿನ ಮಾಡುಗಳು, ಸರಕಿನ ಲಾರಿಗಳು. ಆದರೆ ನಮ್ಮ ತಾಯಿಯವರಿಗೆ ಆ ಹೆಸರು ಕೇಳಿದೊಡನೆ ನೆನಪಾಗುವುದು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ. ಬಾಲ್ಯದಲ್ಲಿ ಅವರು ಇದೇ ದಾರಿಯಾಗಿ ಕಮಾನುಗಾಡಿಯಲ್ಲಿ ಹೋಗುತ್ತಿದ್ದರಂತೆ. ಗಾಡಿಯೇ ಮನೆ: ಒಳಗೆ ಹುಲ್ಲಿನ ಮೇಲೆ ಜಮಖಾನ, ಅಡಿಯಲ್ಲಿ ತೂಗುವ ಲಾಟೀನು, ಹೊರಗೆ ಮೂರು ಕಲ್ಲಿನ ಒಲೆ. “ಇನ್ನೊಮ್ಮೆ ಹಾಗೆ ಜಾತ್ರೆಯ ಬಯಲಿನಲ್ಲಿ ಒಂದು ರಾತ್ರಿ ಮಲಗಬೇಕು” ಎಂದು ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಅವರು ಬಯಸಿದರೆ, ಬೇಡವೆನ್ನಲು ಯಾರಿಗೆ ಮನಸ್ಸು ಬಂದೀತು?

ಎತ್ತುಗಳಿಲ್ಲ, ಜೀಪು ಉಂಟು. ನನ್ನ ಅಕ್ಕನ ಮಗ ಬಾಶೆಟ್ಟಿಹಳ್ಳಿಯ ಬೆಸುಗೆ ಅಂಗಡಿಯೊಂದರಲ್ಲಿ ಕುಳಿತು, ಜೀಪಿನ ಹಿಂದೆ ಎಳೆದೊಯ್ಯುವ ಪುಟ್ಟ ಗಾಡಿಯೊಂದನ್ನು ಕಟ್ಟಿಸತೊಡಗಿದ. ತೂಕ ಮುನ್ನೂರು ಕಿಲೋ ಮೀರಕೂಡದೆಂಬುದು ಅವನ ಹಟ. ಕೆಸರಿನಲ್ಲಿ ಹೂತರೆ ಇಬ್ಬರು ಸೇರಿ ನೂಕಿ ತೆಗೆಯುವಂತಿರಬೇಕಷ್ಟೆ! ಚಕ್ರಗಳು ಮಾತ್ರ ಜೀಪಿನವೇ. ಒಂದೇ ಹೆಚ್ಚುವರಿ ಚಕ್ರ ಎರಡಕ್ಕೂ ಆದೀತು, ದೊಡ್ಡ ಚಕ್ರ ಹಳ್ಳದ ಅಂಚನ್ನು ಸುಲಭವಾಗಿ ಏರೀತು. ಎರಡು ಚಕ್ರಗಳ ನಡುವಣ ಅಂತರವೂ ಜೀಪಿನಷ್ಟೇ, ಮುಂದಿನ ಗಾಲಿಯ ಜಾಡಿನಲ್ಲಿ ಹಿಂದಿನದು ಉರುಳಲೆಂದು. ಮುಂದಿನ ಗಾಡಿಯ ಜಾಡು ಹಿಡಿದು ನಡೆಯುವ ನಮ್ಮ ಗಾಡಿಯವರಿಗೆ ಇದು ಹೊಸ ವಿದ್ಯೆಯೇನಲ್ಲ. ಹಿಂಭಾಗದ ತಳವನ್ನು ಮೇಲಕ್ಕೆ ಓರೆಯಾಗಿ ಕತ್ತರಿಸಿದ್ದು ದಿಬ್ಬ ಹತ್ತುವಾಗ ನೆಲಕ್ಕೆ ತಾಗದಿರಲಿ ಎಂದು.

ತಪ್ಪಾದದ್ದು ಒಂದೇ ಕಡೆ. ಅಡಿಗೆಯ ಪೆಟ್ಟಿಗೆಯನ್ನೂ ನೀರಿನ ತೊಟ್ಟಿಯನ್ನೂ ಅವನು ಹಿಂದುಗಡೆ ಇರಿಸಿದ್ದ. ನೋಡಲು ಬಲು ಅಂದ. ನೀರು ತುಂಬಿ ರಸ್ತೆಗಿಳಿಸಿದರೆ, ಜೀಪು ವೇಗ ಹಿಡಿದೊಡನೆ ಗಾಡಿ ಹಾವಿನ ಬಾಲದಂತೆ ಎಡಬಲಕ್ಕೆ ಬಳುಕತೊಡಗಿತು. ಪುಣ್ಯಕ್ಕೆ ಎದುರಿನಿಂದ ಲಾರಿ ಬರಲಿಲ್ಲ.

ಮನೆಗೆ ಬಂದು ಹೇಳಿದಾಗ ಅಮ್ಮ ನಗಲಿಲ್ಲ.

“ಹಿಂಭಾರ ಹೇರಿದೆಯೇನೋ ಮಗು?” ಎಂದರು. “ನಮ್ಮಪ್ಪ ಒಂದು ವರ್ಷ ಹುಲ್ಲಿನ ಹೊರೆಯನ್ನೆಲ್ಲ ಹಿಂದೆ ಕಟ್ಟಿದ್ದರು. ಏರಿನಲ್ಲಿ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿದು ಎತ್ತು ಕುಸಿದೇಬಿಟ್ಟಿತು. ಅಂದು ಅಪ್ಪ ಅತ್ತದ್ದನ್ನು ನೋಡಿದೆ.”

“ಇದಕ್ಕೆ ಎತ್ತಿಲ್ಲವಲ್ಲ ಅಜ್ಜಿ!”

“ಗಾಡಿಗೆ ಅದು ಗೊತ್ತೇನೋ?”

ಮರುದಿನ ತೊಟ್ಟಿಯನ್ನು ಅಚ್ಚಿನ ಮುಂದಕ್ಕೆ ಸರಿಸಿದೆವು. ಒಟ್ಟು ತೂಕದ ಹತ್ತನೆಯ ಒಂದು ಪಾಲು ಜೀಪಿನ ಕೊಂಡಿಯ ಮೇಲೆ ಬೀಳುವಂತಾಯಿತು, ಬಳುಕು ನಿಂತಿತು. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಲ್ಲಿ ಎತ್ತಿನ ಗಾಡಿಯ ಸುಧಾರಣೆಗಾಗಿ ದುಡಿದಾಗ, ಎತ್ತಿನ ಕೊರಳಿನ ನೋವನ್ನೂ ಲೆಕ್ಕಕ್ಕೆ ಹಿಡಿದಿದ್ದರು. ಅದನ್ನು ಓದಿದ್ದ ನನಗೂ ಇದು ಹೊಳೆಯಲಿಲ್ಲವೆಂದು ನಾಚಿಕೆಯಾಯಿತು.

ನೋಂದಣಿ ಮುಗಿಸಿ, ಡಿಸೆಂಬರಿನಲ್ಲಿ ಹೊರಟೆವು. ಓಡುವ ಗಾಡಿಯೊಳಗೆ ಯಾರೂ ಕೂರಕೂಡದು. ಅಮ್ಮ ಜೀಪಿನ ಮುಂದಿನ ಆಸನದಲ್ಲಿ. ಜಾತ್ರೆಯ ಬಯಲಿನ ತುಂಬ ಹಳ್ಳಿಕಾರ್ ಎತ್ತುಗಳು, ಕೊಂಬಿಗೆ ಬಣ್ಣ, ಸಗಣಿಯ ಹೊಗೆ. ನಾವು ನಿರ್ಜನವಾದ ಮೂಲೆ ಹುಡುಕಿ ಗಾಡಿ ನಿಲ್ಲಿಸಿದೆವು. ಅಮ್ಮ ಒಪ್ಪಲಿಲ್ಲ. ಕತ್ತಲಾದ ಮೇಲೆ ಮತ್ತೆ ಕೊಂಡಿ ಸಿಕ್ಕಿಸಿ, ಒಂದು ಜೋಡಿ ಎತ್ತುಗಳ ಪಕ್ಕಕ್ಕೇ ಎಳೆಯಿಸಿದರು. ಅವು ಮೆಲುಕು ಹಾಕುವ ಸದ್ದು ಕೇಳುವಷ್ಟು ಹತ್ತಿರವಾದ ಬಳಿಕವೇ ಒಳಗೆ ಹೋಗಿ ಮಲಗಿದರು.